ಒಂದೇ ತೋಟಾ, ನಾಲ್ಕು ಮದ್ದು: .45-70ಗೆ ಬ್ಲ್ಯಾಕ್ ಪೌಡರ್ ಬ್ರ್ಯಾಂಡ್ ಹೋಲಿಸಿ ನೋಡುವುದು ಹೇಗೆ

ಅಮೆರಿಕದಲ್ಲಿ ಹಳೇ ಕಾಲದ ರೈಫಲ್ ಹೊಡೆಯುವವರ ನಡುವೆ ಒಮ್ಮೆ ಬ್ಲ್ಯಾಕ್ ಪೌಡರಿನ, ಅಂದರೆ ಹಳೇ ಕಾಲದ ಕಪ್ಪು ಸಿಡಿಮದ್ದಿನ, ಮಾತು ತೆಗೆದು ನೋಡಿ. ಒಬ್ಬರು ಸ್ವಿಸ್ ಬ್ರ್ಯಾಂಡ್ ಬಿಟ್ಟು ಬೇರೆ ಡಬ್ಬಿ ಮುಟ್ಟಲ್ಲ ಅಂತಾರೆ. ಪಕ್ಕದವರು, ಅದಕ್ಕೆ ಕೊಡೋ ದುಡ್ಡು ದಂಡ, ಗೊಯೆಕ್ಸ್ ಸಾಕು ಅಂತಾರೆ. ಇಬ್ಬರೂ ಚೆನ್ನಾಗಿಯೇ ಗುರಿ ಹೊಡೆಯುತ್ತಾರೆ. ಇಬ್ಬರ ಮಾತೂ ಅವರವರ ಕೋವಿಯ ಮಟ್ಟಿಗೆ ನಿಜ.

ಹೊಸಬರು ಇಲ್ಲೇ ದಾರಿ ತಪ್ಪುವುದು. ಗೊಯೆಕ್ಸ್‌ಗೆಂದು ಕೂಡಿಸಿಕೊಂಡ ತೋಟಾದಲ್ಲಿ ಅಷ್ಟೇ ತೂಕದ ಸ್ವಿಸ್ ಹಾಕಿ, ಅಷ್ಟೇ ಬಿಗಿಯಾಗಿ ಒತ್ತಿ ಹೊಡೆಯುತ್ತಾರೆ. ಗುಂಡುಗಳು ಚದುರುತ್ತವೆ. "ಇಷ್ಟು ದುಬಾರಿ ಮದ್ದು, ಏನೂ ಪ್ರಯೋಜನವಿಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಪ್ರತಿ ಮದ್ದಿಗೂ ಅದಕ್ಕೆ ಒಗ್ಗುವ ಒತ್ತಡ ಬೇರೆ. ಅದನ್ನು ಕೊಟ್ಟ ಮೇಲೆ ಮಾಡಿದರೆ ಮಾತ್ರ ಹೋಲಿಕೆ, ಇಲ್ಲದಿದ್ದರೆ ಸುಮ್ನೆ ಮದ್ದು ದಂಡ.

ಇಲ್ಲಿ ಉದಾಹರಣೆಗೆ .45-70 ಗವರ್ನಮೆಂಟ್ ತೋಟಾ ತೆಗೆದುಕೊಂಡಿದ್ದೇನೆ. 1873ರಲ್ಲಿ ಅಮೆರಿಕದ ಸೇನೆ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ರೈಫಲ್ ಜೊತೆ ಬಳಕೆಗೆ ತಂದದ್ದು. ಹೆಸರಲ್ಲೇ ಲೆಕ್ಕ ಇದೆ: .45 ಇಂಚಿನ ಗುಂಡು, 70 ಗ್ರೇನ್ ಮದ್ದು. ಒಂದು ಪೌಂಡಿಗೆ 7,000 ಗ್ರೇನ್. ಹಾಗಾಗಿ ಒಂದು ಪೌಂಡ್ ಡಬ್ಬಿಯಲ್ಲಿ ನೂರು ತೋಟಾ ಆಗುತ್ತದೆ. ಇವತ್ತಿಗೂ ಶಾರ್ಪ್ಸ್, ರೋಲಿಂಗ್ ಬ್ಲಾಕ್, ಹೈವಾಲ್ ಮಾದರಿಯ ಕೋವಿಗಳಲ್ಲಿ ಜನ ಜಾಸ್ತಿ ಬಳಸುವ ಬ್ಲ್ಯಾಕ್ ಪೌಡರ್ ತೋಟಾಗಳಲ್ಲಿ ಇದೂ ಒಂದು. ಇಂಥ ಕೋವಿ ಹೊಡೆಯುವವರ ಸಿಲೂಯೆಟ್ ಸ್ಪರ್ಧೆಯಲ್ಲಿ, ಅಂದರೆ ಪ್ರಾಣಿ ಆಕಾರದ ಉಕ್ಕಿನ ಹಲಗೆಗಳನ್ನು ಹೊಡೆದು ಬೀಳಿಸುವ ಆಟದಲ್ಲಿ, ಉಕ್ಕಿನ ಕೋಳಿ 200 ಮೀಟರ್ ದೂರದಲ್ಲಿರುತ್ತದೆ, ಹಂದಿ 300ರಲ್ಲಿ, ಟರ್ಕಿ 385ರಲ್ಲಿ, ಟಗರು 500ರಲ್ಲಿ. ಮದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಕೋಳಿಯ ಹತ್ತಿರ ಗೊತ್ತಾಗಲ್ಲ. ಟಗರಿನ ಹತ್ತಿರ ಗೊತ್ತಾಗುತ್ತದೆ.

ಮೊದಲು ಕಾನೂನು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಮದ್ದಿಗಿಂತ ದೊಡ್ಡ ವಿಷಯ. ಎಚ್-1ಬಿ, ಎಫ್-1 ತರದ ನಾನ್‌ಇಮಿಗ್ರಂಟ್ ವೀಸಾದಲ್ಲಿ ಇರುವವರು ಕೋವಿ ಆಗಲಿ ತೋಟಾ ಆಗಲಿ ಹೊಂದಿರುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಗೆಳೆಯರ ಕೋವಿಯನ್ನು ರೇಂಜಿನಲ್ಲಿ ಐದು ನಿಮಿಷ ಹಿಡಿದರೂ ಅದು "ಹೊಂದಿರುವುದು" ಅಂತಲೇ ಲೆಕ್ಕಕ್ಕೆ ಬರಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾದಲ್ಲಿದ್ದರೆ ಮೊದಲು ವಕೀಲರನ್ನು ಕೇಳಿ, ಆಮೇಲೆ ಮದ್ದಿನ ಯೋಚನೆ.

ಕ್ರೀಡೆಗೆ, ಹವ್ಯಾಸಕ್ಕೆ, ಕಾನೂನು ಪುರಾತನ ಅನ್ನುವ ಕೋವಿಗಳಲ್ಲಿ ಬಳಸಲೆಂದು ಕಂಪನಿಯಲ್ಲಿ ತಯಾರಾದ ಬ್ಲ್ಯಾಕ್ ಪೌಡರನ್ನು 50 ಪೌಂಡಿನವರೆಗೆ ಇಟ್ಟುಕೊಳ್ಳಲು ಫೆಡರಲ್ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ರಾಜ್ಯ, ಕೌಂಟಿ, ಅಗ್ನಿಶಾಮಕ ನಿಯಮಗಳು ಇದಕ್ಕಿಂತ ಬಿಗಿಯಾಗಿರಬಹುದು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಬಾಡಿಗೆ ಕರಾರನ್ನೂ ಓದಿಕೊಳ್ಳಿ.

ಊರಿನಲ್ಲಿ ಕೂತು ಇದನ್ನು ಓದುವವರಿಗೆ, ಅದರಲ್ಲೂ ಕೊಡಗಿನವರಿಗೆ, ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, ನಿಜ. ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿಷಯಕ್ಕೆ. ತೋಟಾ ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ ಬೇರೆ ಕಲಂಗೆ ಬರುತ್ತದೆ, ಅದಕ್ಕೆ ಬೇರೆಯದೇ ಲೈಸೆನ್ಸ್ ಬೇಕು. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡುವುದಾದರೆ ಅಂಗಡಿಯ ತೋಟಾವೇ ಸರಿ. ಮುಂದಿನ ಹಂತಗಳು ಮನೆಯಲ್ಲಿ ತೋಟಾ ತುಂಬುವುದಕ್ಕೆ ಕಾನೂನು ಒಪ್ಪುವ ಜಾಗಗಳಿಗೆ ಮಾತ್ರ.

ಯಾವ ಯಾವ ಮದ್ದು?

ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ನಾಲ್ಕನ್ನು ನೋಡೋಣ.

ಗೊಯೆಕ್ಸ್ ಹಳಬ. ಪೆನ್ಸಿಲ್ವೇನಿಯದ ಮೂಸಿಕ್‌ನಲ್ಲಿ ಡುಪಾಂಟ್ ಕಂಪನಿಯ ಮದ್ದಿನ ಕಾರ್ಖಾನೆ ಇತ್ತು. 1970ರ ದಶಕದಲ್ಲಿ ಅದನ್ನು ಗಿಯರ್‌ಹಾರ್ಟ್-ಓವನ್ ಅನ್ನುವವರು ಕೊಂಡರು. ಗೊಯೆಕ್ಸ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಆಮೇಲೆ ಕಾರ್ಖಾನೆ ಲೂಸಿಯಾನದ ಮಿಂಡೆನ್‌ಗೆ ಹೋಯಿತು. 2009ರಲ್ಲಿ ಹಾಜ್‌ಡನ್ ಕಂಪನಿ ಕೊಂಡಿತು. 2021ರಲ್ಲಿ ಅದೇ ಕಂಪನಿ ತಯಾರಿಕೆ ನಿಲ್ಲಿಸುತ್ತೇವೆ ಅಂತ ಹೇಳಿದಾಗ ಹೊಡೆಯುವವರೆಲ್ಲ ಗಾಬರಿಯಾಗಿ ಇದ್ದಬದ್ದ ಡಬ್ಬಿಗಳನ್ನೆಲ್ಲ ಬಾಚಿಕೊಂಡರು. 2022ರಲ್ಲಿ ಎಸ್ಟೆಸ್ ಕೈಗೆ ಬಂತು. ಮಕ್ಕಳು ಹಾರಿಸುವ ಆಟಿಕೆ ರಾಕೆಟ್ ಮಾಡುತ್ತಾರಲ್ಲ, ಅವರೇ. ಅವರ ರಾಕೆಟ್ ಮೋಟರಿಗೂ ಬೇಕಾಗಿದ್ದು ಬ್ಲ್ಯಾಕ್ ಪೌಡರ್ ತಾನೇ. ಮದ್ದಿನ ಗುಣದ ಬಗ್ಗೆ ಹೇಳುವುದಾದರೆ, ವೇಗ ಸಾಧಾರಣ, ನಳಿಗೆಯಲ್ಲಿ ಮಸಿ ಸ್ವಲ್ಪ ಜಾಸ್ತಿ, ಆ ಮಸಿ ಒಣಕಲು. ಚೆನ್ನಾಗಿ ಒತ್ತಿಸಿಕೊಳ್ಳುತ್ತದೆ. ಬೆಲೆ ಕಡಿಮೆ.

ಓಲ್ಡ್ ಐನ್ಸ್‌ಫರ್ಡ್ ಕೂಡ ಗೊಯೆಕ್ಸ್ ಮನೆಯದೇ, ಮೇಲ್ದರ್ಜೆಯ ಮದ್ದು. ಸ್ವಿಸ್‌ಗೆ ಪೈಪೋಟಿ ಕೊಡಲೆಂದೇ ತಂದದ್ದು ಅಂತ ಡಬ್ಬಿ ತೆಗೆದು ಎರಡು ಈಡು ಹೊಡೆದರೆ ತಿಳಿಯುತ್ತದೆ. ಮಾಮೂಲಿ ಗೊಯೆಕ್ಸ್‌ಗಿಂತ ವೇಗ ಜಾಸ್ತಿ, ಮಸಿ ಮೆತ್ತಗೆ.

ಸ್ವಿಸ್ ತಯಾರಾಗುವುದು ಸ್ವಿಟ್ಜರ್ಲೆಂಡಿನ ಓಬೋನ್ ಊರಿನಲ್ಲಿ. ಅಲ್ಲಿನ ಮದ್ದಿನ ಗಿರಣಿ 1853ರದ್ದು. ಕಾಳುಗಳು ಗಟ್ಟಿ, ನುಣುಪು, ಹೊಳಪು. ಅಂಗೈ ಮೇಲೆ ಚೂರು ಹಾಕಿಕೊಂಡು ನೋಡಿದರೆ ಪುಡಿ ಅಂಟುವುದು ಬಹಳ ಕಡಿಮೆ. ಅಷ್ಟೇ ತೂಕಕ್ಕೆ ಉಳಿದವಕ್ಕಿಂತ ವೇಗ ಜಾಸ್ತಿ, ಮಸಿಯಲ್ಲಿ ಪಸೆ ಇರುತ್ತದೆ. ದುಬಾರಿ.

ಶುಟ್ಜೆನ್ ಜರ್ಮನಿಯ ವಾನೊ ಕಂಪನಿಯದು. ವೇಗ ಗೊಯೆಕ್ಸ್‌ನ ಆಸುಪಾಸು, ಬೆಲೆಯೂ ಹಾಗೆಯೇ. ಇದನ್ನು ಹೊಗಳುವವರೂ ಕಡಿಮೆ, ಬೈಯುವವರೂ ಕಡಿಮೆ. ಅಭ್ಯಾಸದ ತೋಟಾಗೆ ಧಾರಾಳವಾಗಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಎಲ್ಲದರಲ್ಲೂ ಇರುವುದು ಅದೇ ಪೆಟ್ಲುಪ್ಪು, ಗಂಧಕ, ಇದ್ದಿಲು. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ? ಮುಖ್ಯವಾಗಿ ಇದ್ದಿಲು ಯಾವ ಮರದ್ದು, ಗಿರಣಿಯಲ್ಲಿ ಎಷ್ಟು ಹೊತ್ತು ಅರೆದರು, ಎಷ್ಟು ಬಿಗಿಯಾಗಿ ಒತ್ತಿ ಕಾಳು ಮಾಡಿದರು ಅನ್ನುವುದರಿಂದ. ಇದನ್ನು ಓದಿ ಮನೆಯಲ್ಲೇ ಅರೆಯೋಣ ಅನಿಸಿದರೆ ಆ ಯೋಚನೆ ಅಲ್ಲಿಗೇ ಬಿಡಿ. ಕಾರ್ಖಾನೆಗಳಲ್ಲೇ ಜನ ಸತ್ತಿದ್ದಾರೆ.

ಪೈರೋಡೆಕ್ಸ್, ಟ್ರಿಪಲ್ ಸೆವೆನ್ ತರದ ಬದಲಿ ಮದ್ದುಗಳನ್ನು ಈ ಹೋಲಿಕೆಗೆ ಸೇರಿಸಬೇಡಿ. ಅವುಗಳ ಅಳತೆ, ಒತ್ತಡ ಎಲ್ಲ ಬೇರೆ. ತಯಾರಕರು ಹೇಳಿದ ಹಾಗೆಯೇ ಬಳಸಬೇಕು.

ಕಾಳಿನ ಗಾತ್ರ ಒಂದೇ ಇರಲಿ

ಡಬ್ಬಿಯ ಮೇಲೆ ಎಫ್ ಅಕ್ಷರ ಎಷ್ಟು ಸಲ ಇದೆ ನೋಡಿ. ಎಫ್ ಜಾಸ್ತಿ ಆದಷ್ಟೂ ಕಾಳು ಸಣ್ಣ, ಉರಿಯುವುದು ಚುರುಕು. ನಾಲ್ಕು ಎಫ್ ಇದ್ದರೆ ಅದು ಚಕಮಕಿ ಕೋವಿಯ ಪಕ್ಕದ ಕಿಡಿಬಟ್ಟಲಿಗೆ ಹಾಕುವುದಕ್ಕೆ, ತೋಟಾಗಲ್ಲ. ಮೂರು ಎಫ್ ಸಾಮಾನ್ಯವಾಗಿ ರಿವಾಲ್ವರ್ ತೋಟಾಗಳಿಗೆ. .45-70 ರೈಫಲಿಗೆ ಒಂದು ಎಫ್ ಅಥವಾ ಎರಡು ಎಫ್. ಇವೆರಡರ ನಡುವೆ ಒಂದೂವರೆ ಎಫ್ ಅನ್ನುವ ಗಾತ್ರವೂ ಇದೆ. ದೂರ ಹೊಡೆಯುವವರಲ್ಲಿ ಸ್ವಿಸ್‌ನ ಒಂದೂವರೆ ಎಫ್‌ಗೆ ಬಹಳ ಬೇಡಿಕೆ.

ಹೋಲಿಕೆಗೆ ಕೂರುವಾಗ ಎಲ್ಲ ಬ್ರ್ಯಾಂಡಿನಲ್ಲೂ ಎರಡು ಎಫ್ ತೆಗೆದುಕೊಳ್ಳಿ. ಒಂದರದ್ದು ಒಂದೂವರೆ, ಇನ್ನೊಂದರದ್ದು ಮೂರು ಅಂತ ಬೆರೆಸಿದರೆ ಕೊನೆಗೆ ಏನನ್ನು ಹೋಲಿಸಿದಿರಿ ಅಂತ ನಿಮಗೇ ಗೊತ್ತಾಗಲ್ಲ. ಒಂದು ಮಾತು ತಲೆಯಲ್ಲಿರಲಿ: ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಎರಡು ಎಫ್ ಅನ್ನುವುದು ಒಂದೇ ಜರಡಿಯಲ್ಲ. ಎರಡು ಡಬ್ಬಿಯ ಚೂರು ಚೂರು ಮದ್ದನ್ನು ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಹರಡಿ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಉಳಿದದ್ದೆಲ್ಲ ಅಲುಗಬಾರದು

ಕೇಸ್‌ಗಳು, ಅಂದರೆ ಮದ್ದು ತುಂಬುವ ಹಿತ್ತಾಳೆ ಕವಚಗಳು, ಒಂದೇ ಕಂಪನಿಯವು, ಒಂದೇ ಉದ್ದದವು, ಒಂದೇ ಸಲ ಕೊಂಡವು. ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಒಂದೇ ಡಬ್ಬದ್ದು. ಗುಂಡು ಒಂದೇ ಅಚ್ಚಿನದು, 500 ಗ್ರೇನ್ ಆಸುಪಾಸಿನದು, 20 ಪಾಲು ಸೀಸಕ್ಕೆ 1 ಪಾಲು ತವರ ಬೆರೆತ ಮೆತ್ತನೆಯ ಗುಂಡು ಆದರೆ ಒಳ್ಳೆಯದು. ಮದ್ದಿನ ಮೇಲೆ ಕೂರಿಸುವ ಬಿಲ್ಲೆ, ಅಂದರೆ ವ್ಯಾಡ್, ಒಂದೇ ದಪ್ಪದ್ದು.

ಗುಂಡಿನ ಸುತ್ತಲಿನ ಗೀರುಗಳಿಗೆ ತುಂಬುವ ಲೂಬ್, ಅಂದರೆ ಜಿಡ್ಡಿನ, ಬಗ್ಗೆ ಸ್ವಲ್ಪ ನಿಲ್ಲಬೇಕು. ಬ್ಲ್ಯಾಕ್ ಪೌಡರಿಗೆ ಜೇನುಮೇಣ, ಪ್ರಾಣಿಕೊಬ್ಬು, ಸಸ್ಯದೆಣ್ಣೆ ತರದ್ದರಿಂದ ಮಾಡಿದ ಲೂಬ್ ಬೇಕು. ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಮಸಿ ನಳಿಗೆಯಲ್ಲಿ ಗಟ್ಟಿಯಾಗಿ ಹತ್ತಿಕೊಂಡುಬಿಡುತ್ತದೆ. ಅಂಥ ಲೂಬ್ ಇಟ್ಟುಕೊಂಡು ಮದ್ದನ್ನು ಬೈಯುವುದು ಅನ್ಯಾಯ. ಲೂಬ್ ಸಾಲುತ್ತಿದೆಯೋ ಇಲ್ಲವೋ ನೋಡಲು ಸುಲಭ ಗುರುತು ಇದೆ. ನಾಲ್ಕೈದು ಈಡು ಆದ ಮೇಲೆ ಕೋವಿ ಖಾಲಿ ಮಾಡಿ, ಬ್ರೀಚ್ (ತೋಟಾ ಹಾಕುವ ಹಿಂಬದಿ) ತೆರೆದಿಟ್ಟು, ನಳಿಗೆಯ ತುದಿಯನ್ನು ನೋಡಿ. ಬಾಯಿಯ ಸುತ್ತ ಜಿಡ್ಡು ನಕ್ಷತ್ರದ ಹಾಗೆ ಹರಡಿಕೊಂಡಿದ್ದರೆ ಲೂಬ್ ಕೊನೆಯವರೆಗೂ ಬಂದಿದೆ. ಒಣಗಿ ಬೂದು ಬಣ್ಣವಾಗಿದ್ದರೆ ಅರ್ಧ ದಾರಿಯಲ್ಲೇ ಮುಗಿದಿದೆ. ಉದ್ದ ನಳಿಗೆಯ ಕೋವಿಗಳಲ್ಲಿ ಕೊನೆಯ ಕೆಲವು ಇಂಚಿನಲ್ಲೇ ಮಸಿ ಕಲ್ಲಾಗುವುದು.

ಅಳೆಯುವುದು: ಪಾತ್ರೆಯಿಂದ ಸುರಿದು, ತಕ್ಕಡಿಯಲ್ಲಿ ತೂಗಿ

ಬ್ಲ್ಯಾಕ್ ಪೌಡರನ್ನು ಅಳತೆ ಪಾತ್ರೆಯಲ್ಲಿ, ಅಂದರೆ ಗಾತ್ರದ ಲೆಕ್ಕದಲ್ಲಿ ಸುರಿಯುವ ರೂಢಿ ಇದೆ. ಒಂದೇ ಬ್ರ್ಯಾಂಡ್ ಬಳಸುವವರೆಗೆ ಏನೂ ತೊಂದರೆಯಿಲ್ಲ. ಬ್ರ್ಯಾಂಡ್ ಬದಲಾದರೆ ಇದೇ ಪಾತ್ರೆ ಸುಳ್ಳು ಹೇಳುತ್ತದೆ. ಸ್ವಿಸ್ ಮದ್ದಿಗೆ ಸಾಂದ್ರತೆ ಜಾಸ್ತಿ. ಗೊಯೆಕ್ಸ್ 65 ಗ್ರೇನ್ ಬೀಳುವ ಹಾಗೆ ಹೊಂದಿಸಿದ ಮೆಷರಿನಿಂದ ಸ್ವಿಸ್ ಸುರಿದರೆ 65ಕ್ಕಿಂತ ಜಾಸ್ತಿಯೇ ಬೀಳುತ್ತದೆ. ಹಾಗಾಗಿ ಡಬ್ಬಿ ಬದಲಾದಾಗಲೆಲ್ಲ ಮೆಷರನ್ನು ಹೊಸದಾಗಿ ಹೊಂದಿಸಿ, ಹತ್ತು ಸಲ ಸುರಿದು ತೂಗಿ, ಸರಾಸರಿ ಬರೆದುಕೊಳ್ಳಿ. ಹೋಲಿಕೆಗೆಂದು ತುಂಬುವ ತೋಟಾಗಳಿಗೆ ಪ್ರತಿಯೊಂದನ್ನೂ ತೂಗಿಯೇ ಹಾಕಿ.

ಎಷ್ಟು ಗ್ರೇನ್ ಅನ್ನುವುದನ್ನು ನಿಮ್ಮ ಗುಂಡಿನ ತೂಕಕ್ಕೆ ಸರಿಯಾಗಿ, ಛಾಪಿಸಿದ ಲೋಡಿಂಗ್ ಕೈಪಿಡಿಯಿಂದ ತೆಗೆದುಕೊಳ್ಳಿ. ಈಗಿನ ಕೇಸ್‌ಗಳ ತಳ ದಪ್ಪ. 19ನೇ ಶತಮಾನದ ಕೇಸ್‌ಗಳಷ್ಟು ಜಾಗ ಇವುಗಳೊಳಗೆ ಇಲ್ಲ. ಅದಕ್ಕೇ ಭಾರದ ಗುಂಡಿನ ಜೊತೆ 70 ಗ್ರೇನ್ ಹಾಕಲು ಹೋದರೆ ಒಳ್ಳೇ ಒತ್ತಡ ಬೇಕಾಗುತ್ತದೆ. 60ರಿಂದ 65ರ ನಡುವೆ ಶುರು ಮಾಡುವವರು ಜಾಸ್ತಿ.

ಮೆಷರ್ ಬ್ಲ್ಯಾಕ್ ಪೌಡರಿಗೆಂದೇ ಮಾಡಿದ್ದಿರಬೇಕು. ಕಿಡಿಗೆ ಹೆದರಿಯೇ ಈ ನಿಯಮ. ಎಲೆಕ್ಟ್ರಾನಿಕ್ ಡಿಸ್ಪೆನ್ಸರ್ ಬೇಡ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಹೋಲಿಕೆ ಮಾಡುವ ದಿನವಂತೂ ಈ ನಿಯಮ ಮುರಿಯಲೇಬಾರದು. ನಾಲ್ಕು ಕಪ್ಪು ಪುಡಿಗಳು ಎದುರು ಕೂತರೆ ಯಾವುದು ಯಾವುದೆಂದು ಕಣ್ಣು ಹೇಳಲ್ಲ. ಹೊಗೆರಹಿತ ಮದ್ದಿನ, ಅಂದರೆ ಇವತ್ತಿನ ಕೋವಿಗಳಿಗೆ ಬಳಸುವ ಮದ್ದಿನ, ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಬ್ಲ್ಯಾಕ್ ಪೌಡರಿನ ಅಳತೆಗೆ ಹೊಗೆರಹಿತ ಮದ್ದು ಹಾಕಿದರೆ ಕೋವಿ ಒಡೆಯುತ್ತದೆ, ಹೊಡೆದವರ ಮುಖ ಉಳಿಯಲ್ಲ. ಚೆಲ್ಲಿದ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬೇಡಿ. ಬ್ರಷ್‌ನಿಂದ ಗುಡಿಸಿ ನೀರಿಗೆ ಹಾಕಿ. ಸಿಗರೇಟು, ಗ್ಯಾಸ್ ಒಲೆ, ದೇವರ ದೀಪ ಇರುವ ಕಡೆ ಈ ಕೆಲಸ ಬೇಡ. ಡಬ್ಬಿಯನ್ನು ಕಬ್ಬಿಣದ ತಿಜೋರಿಯಲ್ಲಿ ಬೀಗ ಹಾಕಿ ಇಡಲೂಬೇಡಿ. ಬೆಂಕಿ ಬಿದ್ದರೆ ತಿಜೋರಿಯೇ ಬಾಂಬ್ ಆಗುತ್ತದೆ. ಬಂದ ಡಬ್ಬಿಯಲ್ಲೇ ಇರಲಿ, ಮರದ ಪೆಟ್ಟಿಗೆಯಲ್ಲಿ, ತಂಪಾದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ.

ಒತ್ತಡ: ಹೋಲಿಕೆಯ ಜೀವಾಳ

ಬ್ಲ್ಯಾಕ್ ಪೌಡರ್ ತೋಟಾದಲ್ಲಿ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಬಾರದು. ಇದ್ದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಆದ್ದರಿಂದ ಮದ್ದು ಕೇಸಿನೊಳಗೆ ಬಿಲ್ಲೆಯವರೆಗೆ ತುಂಬಿ, ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಎಷ್ಟು ಒತ್ತಬೇಕು ಅನ್ನುವುದೇ ಪ್ರಶ್ನೆ. ಕಾಫಿ ಫಿಲ್ಟರಿಗೆ ಪುಡಿ ಹಾಕಿ ಒತ್ತುವವರಿಗೆ ಇದು ತಟ್ಟನೆ ತಿಳಿಯುತ್ತದೆ: ಸಡಿಲ ಬಿಟ್ಟರೆ ಡಿಕಾಕ್ಷನ್ ನೀರು, ಅತಿಯಾಗಿ ಒತ್ತಿದರೆ ಇಳಿಯುವುದೇ ಇಲ್ಲ, ಪುಡಿ ಬದಲಾದರೆ ಕೈಯ ಬಿಗಿಯೂ ಬದಲಾಗಬೇಕು.

ಮೊದಲು ಡ್ರಾಪ್ ಟ್ಯೂಬ್. ಎರಡು ಅಡಿ ಅಥವಾ ಸ್ವಲ್ಪ ಜಾಸ್ತಿ ಉದ್ದದ ಹಿತ್ತಾಳೆ ಕೊಳವೆ. ಮೇಲಿನಿಂದ ಮದ್ದನ್ನು ನಿಧಾನವಾಗಿ ಸುರಿದರೆ ಕಾಳುಗಳು ಬಿದ್ದು ಬಿದ್ದು ಒತ್ತೊತ್ತಾಗಿ ಕೂರುತ್ತವೆ. ಚಮಚದಿಂದ ನೇರ ಸುರಿದಾಗ ಬಾಯಿವರೆಗೂ ಬರುವ ಅದೇ ಮದ್ದು ಟ್ಯೂಬಿನಿಂದ ಸುರಿದಾಗ ಕಾಣುವಷ್ಟು ಕೆಳಗೆ ಕೂತಿರುತ್ತದೆ. ಸುರಿಯುವ ವೇಗ ಎಲ್ಲಕ್ಕೂ ಒಂದೇ ಇರಲಿ.

ಈಗ ಒತ್ತಡದ ಲೆಕ್ಕ. ಡೆಪ್ತ್ ಗೇಜ್ (ಆಳ ಅಳೆಯುವ ಕಡ್ಡಿ) ಇರುವ ಕ್ಯಾಲಿಪರ್ ತೆಗೆದುಕೊಳ್ಳಿ. ನಿಮ್ಮ ಗುಂಡು ಕೇಸಿನೊಳಗೆ 13 ಮಿಲಿಮೀಟರ್ ಇಳಿಯುತ್ತದೆ, ಬಿಲ್ಲೆ 1.5 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಳ್ಳಿ. ಅಂದರೆ ಮದ್ದಿನ ತಲೆ ಕೇಸಿನ ಬಾಯಿಯಿಂದ 14.5 ಮಿಲಿಮೀಟರ್ ಕೆಳಗಿರಬೇಕು. ಡ್ರಾಪ್ ಟ್ಯೂಬಿನಿಂದ ಸುರಿದ ಮೇಲೆ ಅಳೆದಾಗ ಅದು 10 ಮಿಲಿಮೀಟರ್ ಕೆಳಗಿದೆ. ಹಾಗಾದರೆ ಒತ್ತಬೇಕಾದದ್ದು 4.5 ಮಿಲಿಮೀಟರ್. ಇದೇ ಅಂಕಿಯನ್ನು ಬರೆದುಕೊಳ್ಳಬೇಕಾದದ್ದು. "ಚೆನ್ನಾಗಿ ಒತ್ತಿದೆ" ಅಂತ ಬರೆದರೆ ಮುಂದಿನ ತಿಂಗಳು ಅದಕ್ಕೆ ಅರ್ಥವಿಲ್ಲ.

ಒತ್ತುವುದಕ್ಕೆ ಕಂಪ್ರೆಷನ್ ಡೈ ಇದೆ. ಅದನ್ನು ಪ್ರೆಸ್‌ಗೆ, ಅಂದರೆ ತೋಟಾ ತುಂಬುವ ಕೈಯಂತ್ರಕ್ಕೆ, ಹಾಕಿ, ಬಿಲ್ಲೆ ಇಟ್ಟು, ಹಿಡಿಯನ್ನು ಒಂದೇ ಹದದಲ್ಲಿ ಕೆಳಗೆ ಎಳೆಯಿರಿ. ಸ್ವಿಸ್ ಆದರೆ ಕೈಗೆ ಬೇಗ ಗಟ್ಟಿ ಅನಿಸುತ್ತದೆ. ಗೊಯೆಕ್ಸ್ ಇನ್ನಷ್ಟು ಹೊತ್ತು ಕುಗ್ಗುತ್ತಾ ಹೋಗುತ್ತದೆ. ಗುಂಡಿನಿಂದಲೇ ಮದ್ದನ್ನು ಒತ್ತಲು ಹೋಗಬೇಡಿ. ಸೀಸ ಮೆತ್ತಗೆ, ಗುಂಡಿನ ಮೂತಿ ಚಪ್ಪಟೆಯಾಗುತ್ತದೆ. ಆಮೇಲೆ ಎಂಥ ಮದ್ದಿದ್ದರೂ ಗುರಿ ಕೂರಲ್ಲ.

ಯಾವ ಮದ್ದಿಗೆ ಎಷ್ಟು? ರೂಢಿಯಲ್ಲಿರುವ ಶುರುವಿನ ಅಂಕಿಗಳನ್ನು ಹೇಳುತ್ತೇನೆ. ಸ್ವಿಸ್‌ಗೆ 1.5ರಿಂದ 2.5 ಮಿಲಿಮೀಟರ್ ಸಾಕು. ಮಾಮೂಲಿ ಗೊಯೆಕ್ಸ್ 5ರಿಂದ 7 ಮಿಲಿಮೀಟರ್‌ವರೆಗೂ ಕೇಳುತ್ತದೆ. ಓಲ್ಡ್ ಐನ್ಸ್‌ಫರ್ಡ್ ಇವೆರಡರ ನಡುವೆ. ಶುಟ್ಜೆನ್‌ಗೂ ನಡುವಿನಿಂದಲೇ ಶುರು ಮಾಡಿ. ಇದೇ ಕೊನೆಯ ಮಾತಲ್ಲ, ಹುಡುಕಾಟದ ಆರಂಭ ಅಷ್ಟೇ. ಪ್ರತಿ ಬ್ರ್ಯಾಂಡಿಗೂ ಮೂರು ಒತ್ತಡದಲ್ಲಿ ಐದೈದು ತೋಟಾ ತುಂಬಿ. ಒಂದು ಕಡಿಮೆ, ಒಂದು ನಡು, ಒಂದು ಜಾಸ್ತಿ. ಮದ್ದಿನ ತೂಕ ಅಷ್ಟೇ ಇರುವಾಗ ಒತ್ತಡ ಹೆಚ್ಚಿಸಿದರೆ ಗುಂಡಿನ ಕೆಳಗೆ ಜಾಗ ಮಿಗುತ್ತದೆ ಅಲ್ವಾ? ಅದನ್ನು ಇನ್ನೊಂದು ಬಿಲ್ಲೆ ಸೇರಿಸಿ ತುಂಬಿಸಿ. ಖಾಲಿ ಬಿಡಲೇಬೇಡಿ.

ತುಂಬಿದ ತೋಟಾಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ: ಬ್ರ್ಯಾಂಡ್, ಎಫ್, ಲಾಟ್ ಸಂಖ್ಯೆ (ಒಂದೇ ಸಲ ತಯಾರಾದ ಮದ್ದಿನ ಗುರುತು), ತೂಕ, ಒತ್ತಡ, ತಾರೀಕು. ಚೀಟಿಯಿಲ್ಲದ ತೋಟಾ ಸಿಕ್ಕರೆ ಹೊಡೆಯಬೇಡಿ, ಬಿಚ್ಚಿಬಿಡಿ.

ರೇಂಜಿನಲ್ಲಿ

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಗುರಿಹಲಗೆ 200 ಗಜಕ್ಕೆ ಇರಲಿ. ನೂರು ಗಜದಲ್ಲಿ ಎಲ್ಲ ಮದ್ದೂ ಚೆಂದವಾಗಿಯೇ ಕಾಣುತ್ತದೆ. 500 ಗ್ರೇನ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 1,150ರಿಂದ 1,250 ಅಡಿ ವೇಗದಲ್ಲಿರುತ್ತದೆ, ಇವತ್ತಿನ ರೈಫಲ್‌ಗಳಿಗೆ ಹೋಲಿಸಿದರೆ ನಡಿಗೆ. ದೂರ ಹೋದಷ್ಟೂ ಬಹಳ ಕೆಳಗಿಳಿಯುತ್ತದೆ. ವೇಗದಲ್ಲಿ ಚೂರು ಹೆಚ್ಚುಕಡಿಮೆ ಆದರೂ ಗುಂಡುಗಳು ಮೇಲೆ ಕೆಳಗೆ ಬೀಳುತ್ತವೆ. ಹಾಗಾಗಿ ಮದ್ದಿನ ಗುಣ ನೋಡಬೇಕಾದದ್ದು ಮೇಲೆ-ಕೆಳಗಿನ ಹರಡುವಿಕೆಯಲ್ಲಿ. ಎಡ-ಬಲದ್ದು ಹೆಚ್ಚಾಗಿ ಗಾಳಿಯ ಕೆಲಸ, ಅದಕ್ಕೆ ಮದ್ದನ್ನು ದೂರಬೇಡಿ.

ವೇಗ ಅಳೆಯುವ ಕ್ರೊನೊಗ್ರಾಫ್ ಬೆಳಕಿನ ಸೆನ್ಸರಿನದಾದರೆ ನಳಿಗೆಯಿಂದ ನಾಲ್ಕೈದು ಮೀಟರ್ ದೂರ ಇಡಿ. ಹೊಗೆಯೂ ಹಾರುವ ಬಿಲ್ಲೆಯೂ ಅದಕ್ಕೆ ಮಂಕುಬೂದಿ ಎರಚುತ್ತವೆ. ರೇಡಾರ್ ತರದ್ದಕ್ಕೆ ಈ ಗೋಳಿಲ್ಲ. ಸರಾಸರಿ ವೇಗಕ್ಕಿಂತ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರ ಮುಖ್ಯ. ಸ್ವಿಸ್ ಜಾಸ್ತಿ ವೇಗ ಕೊಟ್ಟಿತು ಅಂತ ಕುಣಿಯುವುದರಲ್ಲಿ ಏನೂ ಇಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಉಕ್ಕಿನ ಟಗರಿಗೆ ಐವತ್ತು ಅಡಿ ವೇಗ ಜಾಸ್ತಿಯೋ ಕಡಿಮೆಯೋ ತಿಳಿಯಲ್ಲ. ಪ್ರತಿ ಗುಂಡೂ ಒಂದೇ ವೇಗದಲ್ಲಿ ಬರುತ್ತಿದೆಯೋ ಇಲ್ಲವೋ ಅನ್ನುವುದು ತಿಳಿಯುತ್ತದೆ.

ಬ್ರ್ಯಾಂಡ್ ಬದಲಾಯಿಸುವಾಗ ನಳಿಗೆಯನ್ನು ಪೂರ್ತಿ ಒರೆಸಿ, ಲೆಕ್ಕಕ್ಕಿಲ್ಲದ ಒಂದೆರಡು ಈಡು ಹೊಡೆದು ಶುರು ಮಾಡಿ. ಇಲ್ಲದಿದ್ದರೆ ಗೊಯೆಕ್ಸ್‌ನ ಮಸಿಯ ಮೇಲೆ ಸ್ವಿಸ್ ಓಡುತ್ತಿರುತ್ತದೆ. ಈಡಿನಿಂದ ಈಡಿಗೆ ಬ್ಲೋ ಟ್ಯೂಬ್ ಬಳಸಿ. ಖಾಲಿ ಕೇಸಿನ ತಳಕ್ಕೆ ತೂತು ಕೊರೆದು ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿದ ಸರಳ ಸಾಧನ. ಬ್ರೀಚ್ ಕಡೆಯಿಂದ ಚೇಂಬರಿಗೆ, ಅಂದರೆ ತೋಟಾ ಕೂರುವ ಜಾಗಕ್ಕೆ, ಇಟ್ಟು ನಿಧಾನವಾಗಿ ಉಸಿರು ಬಿಟ್ಟರೆ ಬಾಯಿಯ ತೇವ ಮಸಿಯನ್ನು ಮೆತ್ತಗೆ ಮಾಡುತ್ತದೆ. ಎಷ್ಟು ಉಸಿರು ಅನ್ನುವುದನ್ನು ಎಲ್ಲ ಬ್ರ್ಯಾಂಡಿಗೂ ಒಂದೇ ಇಡಿ, ಬರೆದುಕೊಳ್ಳಿ. ಫ್ಲಾರಿಡದ ತೇವದ ಗಾಳಿಯಲ್ಲಿ ಮೂರು ಉಸಿರು ಸಾಕಾದದ್ದು ಅರಿಜೋನದ ಒಣ ಬಿಸಿಲಿನಲ್ಲಿ ಸಾಕಾಗಲ್ಲ. ಆದ್ದರಿಂದ ಹವೆಯನ್ನೂ ಬರೆಯಬೇಕು. ಅರಿಜೋನದ ಗೆಳೆಯರೊಬ್ಬರು ಒಂದು ಮದ್ದನ್ನು ಕಸ ಅಂದರೆ, ಅವರ ಹವೆ ಏನು ಅಂತ ಮೊದಲು ಕೇಳಿ.

ಮಸಿ ಓದುವುದು

ಐದು ಈಡಿನ ಗುಂಪು ನೋಡಿ ತೀರ್ಮಾನ ಮಾಡಬೇಡಿ. ಒರೆಸದೆ, ಬರೀ ಬ್ಲೋ ಟ್ಯೂಬ್ ಬಳಸಿ ಹತ್ತು ಈಡು ಹೊಡೆಯಿರಿ. ಮೊದಲ ಐದಕ್ಕೆ ಒಂದು ಹಲಗೆ, ಮುಂದಿನ ಐದಕ್ಕೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಡಿ. ಎರಡನೆಯ ಐದು ಅಗಲವಾಗಿ ಚದುರಿದ್ದರೆ ಆ ಮದ್ದು, ಆ ಒತ್ತಡ, ಆ ಲೂಬ್ ಮೂರೂ ಸೇರಿ ಮಸಿಯನ್ನು ತಡೆಯುತ್ತಿಲ್ಲ.

ಆಮೇಲೆ ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯ ಚೂರನ್ನು ಬ್ರೀಚಿನಿಂದ ಒಂದೇ ಸಲ ನಿಧಾನವಾಗಿ ತಳ್ಳಿ. ಕೈಗೆ ಏನು ತಾಗುತ್ತದೆ ಅಂತ ಗಮನಿಸಿ. ಒಂದೇ ಬಿಗಿಯಲ್ಲಿ ಜಾರಿದರೆ ಒಳ್ಳೆಯದು. ಚೇಂಬರ್ ಮುಂದೆಯೇ ಕರಕರ ಅಂತ ಹಿಡಿದರೆ ಅಲ್ಲಿ ಮಸಿ ಗಟ್ಟಿಯಾಗಿದೆ, ಒತ್ತಡ ಬದಲಾಯಿಸಿ ನೋಡಬೇಕು. ತುದಿಯಲ್ಲಿ ಹಿಡಿದರೆ ಲೂಬ್ ಸಾಲದು ಅಂತ ಲೆಕ್ಕ. ಹೊರಬಂದ ಬಟ್ಟೆಯನ್ನೂ ನೋಡಿ. ಕಾಡಿಗೆ ಹಚ್ಚಿದ ಹಾಗೆ ಒದ್ದೆಯಾಗಿ, ನುಣ್ಣಗೆ ಕಪ್ಪಾಗಿದ್ದರೆ ಸಮಾಧಾನ. ಬೂದು ಬಣ್ಣದ ಒಣ ಚಕ್ಕೆಗಳಿದ್ದರೆ ಆ ಮದ್ದಿಗೆ ನಿಮ್ಮ ಹವೆಯಲ್ಲಿ ಇನ್ನಷ್ಟು ಉಸಿರು ಅಥವಾ ಒದ್ದೆ ಬಟ್ಟೆ ಬೇಕು. ಹೊಳೆಯುವ ಸೀಸದ ಎಳೆ ಕಂಡರೆ ಗುಂಡು ಒಣ ಮಸಿಯ ಮೇಲೆ ಉಜ್ಜಿಕೊಂಡು ಹೋಗಿದೆ.

ನನ್ನ ಕಣ್ಣಲ್ಲಿ ಬ್ರ್ಯಾಂಡುಗಳ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ಸ್ವಿಸ್‌ಗೆ, ಓಲ್ಡ್ ಐನ್ಸ್‌ಫರ್ಡ್‌ಗೆ ಕೊಡುವ ಜಾಸ್ತಿ ದುಡ್ಡು ವೇಗಕ್ಕಲ್ಲ, ಹತ್ತನೆಯ ಈಡೂ ಮೊದಲನೆಯದರ ಹಾಗೇ ಹೋಗಲಿ ಅಂತ. ಸ್ಪರ್ಧೆಯ ನಡುವೆ ಒರೆಸಲು ಹೊತ್ತಿಲ್ಲದವರಿಗೆ ಅದು ಬೇಕು. ಪ್ರತಿ ಈಡಿಗೂ ಒರೆಸಿಕೊಂಡು ಆರಾಮಾಗಿ ಹೊಡೆಯುವವರಿಗೆ ಗೊಯೆಕ್ಸ್, ಶುಟ್ಜೆನ್ ಎರಡೂ ಅಷ್ಟೇ ಚೆನ್ನಾಗಿ ಗುರಿ ಕೊಡಬಲ್ಲವು. ಅಂಥವರು ಸ್ವಿಸ್ ಕೊಳ್ಳುವುದು ದುಡ್ಡು ಜಾಸ್ತಿ ಆದದ್ದಕ್ಕೆ.

ಅವತ್ತೇ ತೊಳೆಯಿರಿ

ಬ್ಲ್ಯಾಕ್ ಪೌಡರಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಮದ್ದು ಎಷ್ಟೇ ದುಬಾರಿಯದಾಗಲಿ, ನಾಳೆ ತೊಳೆದರಾಯಿತು ಅನ್ನುವಂತಿಲ್ಲ. ಇದಕ್ಕೆ ವಿಶೇಷ ರಾಸಾಯನಿಕ ಏನೂ ಬೇಡ, ನೀರೇ ಮದ್ದು. ಒದ್ದೆ ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ ಕೊಡಿ. ಖಾಲಿ ಕೇಸ್‌ಗಳನ್ನು ರೇಂಜಿನಲ್ಲೇ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನ ಡಬ್ಬಿಗೆ ಹಾಕಿಬಿಟ್ಟರೆ ಹಿತ್ತಾಳೆ ಕಪ್ಪಾಗಲ್ಲ. ಮನೆಯಲ್ಲಿ ಆ ಡಬ್ಬಿ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಡುಗೆಮನೆ ಸಿಂಕಿಗೆ ಒಯ್ಯುವ ಮೊದಲು ಮನೆಯವರನ್ನು ಒಂದು ಮಾತು ಕೇಳುವುದು ಕ್ಷೇಮ.

ಕೊಳ್ಳುವಾಗ

ಹೋಲಿಕೆಗೆ ಪ್ರತಿಯೊಂದರಲ್ಲೂ ಒಂದೊಂದು ಪೌಂಡ್ ಸಾಕು. ಅಂಗಡಿಯಲ್ಲೇ ಸಿಕ್ಕರೆ ಒಳ್ಳೆಯದು, ಯಾಕೆಂದರೆ ತರಿಸಿಕೊಂಡರೆ ಅಪಾಯಕಾರಿ ಸಾಮಾನಿನ ಸಾಗಣೆ ಶುಲ್ಕ ಬೇರೆ ಕೊಡಬೇಕು. ಆ ಶುಲ್ಕ ಒಂದು ಡಬ್ಬಿಗೂ ಅಷ್ಟೇ, ಒಂದು ಪೆಟ್ಟಿಗೆಗೂ ಅಷ್ಟೇ ಇರುವುದು ಸಾಮಾನ್ಯ. ಇದಕ್ಕೇ ಗೆಳೆಯರು ಕೂಡಿ ತರಿಸುವುದು. ಬ್ರ್ಯಾಂಡ್ ಗೊತ್ತಾದ ಮೇಲೆ ಒಂದು ಸೀಸನ್‌ಗೆ ಬೇಕಾಗುವಷ್ಟನ್ನು ಒಂದೇ ಲಾಟ್ ಸಂಖ್ಯೆಯದು ನೋಡಿ ಕೊಳ್ಳಿ. ಒಂದೇ ಬ್ರ್ಯಾಂಡಿನಲ್ಲೂ ಲಾಟ್‌ನಿಂದ ಲಾಟ್‌ಗೆ ಸಾಂದ್ರತೆ ಸ್ವಲ್ಪ ಬದಲಾಗುತ್ತದೆ. ಹೊಸ ಲಾಟ್ ಬಂದಾಗ ಮೆಷರಿನ ತೂಕ, ಡ್ರಾಪ್ ಟ್ಯೂಬ್ ನಂತರದ ಎತ್ತರ ಇವೆರಡನ್ನೂ ಮತ್ತೆ ಅಳೆದು, ಹಳೆಯ ಚೀಟಿಯ ಪಕ್ಕ ಬರೆದಿಟ್ಟುಕೊಳ್ಳಿ. ಎತ್ತರ ಬದಲಾಗಿದ್ದರೆ ಒತ್ತಡದ ಪರೀಕ್ಷೆಯನ್ನು ಆ ಬ್ರ್ಯಾಂಡಿಗೆ ಮಾತ್ರ ಇನ್ನೊಮ್ಮೆ ಮಾಡಿ.